ಪಕ್ಕದ ಮನೆಯ ಹರಕೆ

ಅರೇನಿ ಎಂಬ ಹಳ್ಳಿಯಲ್ಲಿ ಹೆದ್ದಾರಿ ಬಿಟ್ಟು ಮೇಲಕ್ಕೆ ಹತ್ತುವ ಎರಡನೇ ಓಣಿಯಲ್ಲಿ ವರ್ದುಶಳ ಮನೆ. ವಯಸ್ಸು ಅರವತ್ತೊಂದು. ಕೈ ಎಷ್ಟು ರುಚಿಯೋ ಬಾಯಿ ಅಷ್ಟೇ ಖಾರ ಎಂದು ಊರಲ್ಲಿ ಅವಳಿಗೆ ಹೆಸರು. ಹುಡುಗಿಯಾಗಿದ್ದಾಗ ಸರ್ಕಾರಿ ವೈನ್ ಕಾರ್ಖಾನೆಯಲ್ಲಿ ಬಾಟಲಿ ತೊಳೆದಳು. ಕಾರ್ಖಾನೆ ಮುಚ್ಚಿದ ಮೇಲೆ ಮನೆಯ ಗುಡಾಣದ ವೈನನ್ನೇ ತಂಪು ಪಾನೀಯದ ಹಳೇ ಬಾಟಲಿಗಳಿಗೆ ತುಂಬಿ ರಸ್ತೆ ಬದಿಯಲ್ಲಿ ಲಾರಿಯವರಿಗೆ ಮಾರಿದಳು. ಗಂಡ ಸೆದ್ರಾಕ್ ಕಣ್ಣು ಮುಚ್ಚಿದ ಮೇಲೂ ಮಗ ತಾತುಲನನ್ನು ಅದೇ ಬಾಟಲಿಗಳ ಮೇಲೆ ಸಾಕಿ ಬೆಳೆಸಿದಳು. ಈಗ ಒಂಬತ್ತು ವರ್ಷದಿಂದ, ರಾಜಧಾನಿ ಯೆರೆವಾನಿನ ಗೈಡು ಮನ್ವೆಲ್ ತನ್ನ ಸಣ್ಣ ಬಸ್ಸಿನಲ್ಲಿ ಕರೆತರುವ ಪ್ರವಾಸಿಗಳಿಗೆ ಅಂಗಳದ ದ್ರಾಕ್ಷಿ ಚಪ್ಪರದಡಿ ಊಟ ಹಾಕುತ್ತಾಳೆ. ಬೆಳಿಗ್ಗೆ ಖೋರ್ ವಿರಾಪ್, ಆಮೇಲೆ ನೊರವಾಂಕ್, ಎರಡು ಮಠ ನೋಡಿ ಹಸಿದು ಕಂಗಾಲಾದವರಿಗೆ ವರ್ದುಶಳ ಅಂಗಳವೇ ಮೂರನೇ ಮಠ ಎಂದು ಮನ್ವೆಲ್ ತಮಾಷೆ ಮಾಡುವುದುಂಟು.

ತಾತುಲ್ ಈಗಿಲ್ಲ. ಸೇನೆಗೆ ಹೋದ ಎರಡನೇ ಚಳಿಗಾಲದಲ್ಲಿ, ಗಡಿಯ ಹತ್ತಿರದ ಬೆಟ್ಟದ ದಾರಿಯಲ್ಲಿ, ಅವನಿದ್ದ ಲಾರಿ ಮಂಜುಗಡ್ಡೆಯ ಮೇಲೆ ಜಾರಿ ಕಣಿವೆಗೆ ಬಿತ್ತು. ಓಡಿಸುತ್ತಿದ್ದವನು ಹೋವಿಕ್, ಪಕ್ಕದ ಮನೆಯ ಜಾರಿಕಳ ಮಗ. ಇಬ್ಬರೂ ಒಂದೇ ಗೋಡೆಯ ಎರಡು ಕಡೆ ಹುಟ್ಟಿದವರು, ಒಂದೇ ದಿನ ಸೇನೆಗೆ ಹೋದವರು. ಓಡಿಸುತ್ತಿದ್ದವನು ಉಳಿದ, ಪಕ್ಕದಲ್ಲಿ ಕೂತವನು ಹೋದ. ಆರು ತಿಂಗಳ ಮೇಲೆ ಹೋವಿಕ್ ಊರುಗೋಲಿನ ಮೇಲೆ ತೂಗಾಡುತ್ತ ವರ್ದುಶಳ ಗೇಟಿಗೆ ಬಂದಾಗ ಅವಳು ಒಳಗಿನಿಂದ ಚಿಲಕ ಹಾಕಿಕೊಂಡಳು. ಮತ್ತೆ ಅವನು ಬರಲಿಲ್ಲ.

ಜಗಳ ಎನ್ನುವಂಥದ್ದು ಏನೂ ಇರಲಿಲ್ಲ. ಜಗಳವಾಗಿದ್ದರೆ ಎಷ್ಟೋ ವಾಸಿ, ಎರಡು ದಿನ ಕೂಗಾಡಿ ಮೂರನೇ ದಿನ ರಾಜಿಯಾಗುತ್ತಿದ್ದರು. ಇದು ಬೇರೆ. ಜಾರಿಕ್ ತನ್ನ ಮನೆಯಲ್ಲಿ ನಗುವುದಕ್ಕೂ ಹೆದರುತ್ತಿದ್ದಳು. ಮಗ ಒಂದು ಕೋಲು ಬಿಟ್ಟ ದಿನ, ಎರಡೂ ಬಿಟ್ಟ ದಿನ, ಆ ಸಂತೋಷವನ್ನೆಲ್ಲ ಬಾಯಿಗೆ ತಲೆವಸ್ತ್ರ ಮುಚ್ಚಿಕೊಂಡೇ ಅನುಭವಿಸಿದಳು. ವರ್ದುಶಳಿಗೆ ಅದೂ ಗೊತ್ತಿತ್ತು, ಅದಕ್ಕೂ ಮೈ ಉರಿಯುತ್ತಿತ್ತು.

ಅಕ್ಟೋಬರಿನ ಆ ಗುರುವಾರ ಮಧ್ಯಾಹ್ನ ವರ್ದುಶ್ ನೆಲದೊಲೆಯ ಮುಂದೆ ಬಗ್ಗಿ ಲವಾಶ್ ರೊಟ್ಟಿ ತಟ್ಟುತ್ತಿದ್ದಾಗ ಗೇಟಿನ ಹತ್ತಿರ ಪಾತ್ರೆಯ ಸದ್ದಾಯಿತು. ಎದ್ದು ನೋಡಿದರೆ ಜಾರಿಕ್. ಕೈಯಲ್ಲಿ ಬಟ್ಟೆ ಮುಚ್ಚಿದ ಬೋಗುಣಿ, ಹಬೆ ಏಳುತ್ತಿತ್ತು.

"ಹರಕೆ ತೀರಿಸಿದ್ವಿ ವರ್ದುಶಕ್ಕ," ಎಂದಳು ಜಾರಿಕ್, ನೆಲ ನೋಡುತ್ತ. "ಕೋಲಿಲ್ದೆ ನಡೆದ್ರೆ ನೊರವಾಂಕಲ್ಲಿ ಕುರಿ ಕೊಡ್ತೀನಿ ಅಂತ ಹೇಳ್ಕೊಂಡಿದ್ದೆ. ಏಳು ಮನೆಗೆ ಹಂಚಬೇಕಲ್ಲ. ನಿನ್ನ ಮನೆ ಬಿಟ್ಟು ಹೋದ್ರೆ ತಪ್ಪು, ತಂದ್ರೂ ತಪ್ಪು. ರಾತ್ರಿಯೆಲ್ಲ ಯೋಚನೆ ಮಾಡಿ ತಂದೆ. ಬೈಯೋದಾದ್ರೆ ಬೈದುಬಿಡು."

ವರ್ದುಶ್ ಬೈಯಲಿಲ್ಲ. ಬೋಗುಣಿ ಇಸಕೊಂಡಳು. ಹರಕೆಯ ಮಾಂಸ ಬೇಡ ಎನ್ನುವ ಹಾಗಿಲ್ಲ, ಶತ್ರುವಿನ ಮನೆಯಿಂದ ಬಂದರೂ. ತೆಗೆದುಕೊಂಡವರು "ದೇವರಿಗೆ ಸಲ್ಲಲಿ" ಎನ್ನಬೇಕು. ಆ ಮಾತು ಅವಳ ಗಂಟಲಿಂದ ಹೊರಡಲಿಲ್ಲ. ಜಾರಿಕ್ ಒಂದು ಗಳಿಗೆ ಕಾದು, ಕಣ್ಣೊರೆಸಿಕೊಂಡು ಹೋದಳು.

ಈಗ ಶುರುವಾಯಿತು ಪಜೀತಿ. ಹರಕೆಯ ಮಾಂಸ ಅವತ್ತೇ ತೀರಬೇಕು, ಹೊತ್ತು ಮುಳುಗುವುದರೊಳಗೆ. ನಾಯಿಗೆ ಹಾಕುವಂತಿಲ್ಲ, ಚೆಲ್ಲುವಂತಿಲ್ಲ. ತಿನ್ನೋಣವೆಂದರೆ, ಹೋವಿಕ್ ಬದುಕಿದ ಸಂತೋಷದ ತುತ್ತು ಅದು, ತಾತುಲನ ತಾಯಿಯ ಗಂಟಲಲ್ಲಿ ಹೇಗೆ ಇಳಿದೀತು? ವರ್ದುಶ್ ಬೋಗುಣಿಯನ್ನು ಮೇಜಿನ ಮೇಲಿಟ್ಟಳು, ಕಿಟಕಿಯಲ್ಲಿಟ್ಟಳು, ಮತ್ತೆ ಮೇಜಿಗೆ ತಂದಳು. ಅಷ್ಟರಲ್ಲಿ ಓಣಿಯ ಕೆಳಗೆ ಮನ್ವೆಲನ ಬಸ್ಸಿನ ಹಾರನ್ ಕೇಳಿತು. ಹದಿನಾಲ್ಕು ಜನ, ಹದಿನಾಲ್ಕು ಹಸಿದ ಹೊಟ್ಟೆ. ಅವಳ ತಲೆಯಲ್ಲಿ ಉಪಾಯವೊಂದು ಹೊಳೆಯಿತು. ಊರು ಕೇರಿ ಗೊತ್ತಿಲ್ಲದವರು, ಬಡಿಸಿದರೆ ತಿಂದು ಹೋಗುತ್ತಾರೆ, ಹರಕೆಯೂ ತೀರುತ್ತದೆ, ನನ್ನ ಬಾಯಿಗೂ ಬರುವುದಿಲ್ಲ. ತಾನು ಬೇಯಿಸಿದ್ದ ಕೋಳಿಯನ್ನು ಒಲೆಯ ಮೇಲೇ ಬಿಟ್ಟು, ಕುರಿಯ ತುಂಡುಗಳನ್ನು ದೊಡ್ಡ ತಟ್ಟೆಗೆ ಸುರಿದಳು.

ಚಪ್ಪರದಡಿ ಊಟ ಜೋರಾಗಿ ಸಾಗಿತು. ಪೋಲೆಂಡಿನಿಂದ ಬಂದ ಅಜ್ಜಿಯೊಬ್ಬಳು ಮಾಂಸವನ್ನು ಲವಾಶಿನಲ್ಲಿ ಸುತ್ತಿ ತಿನ್ನುವುದನ್ನು ಆಗಲೇ ಕಲಿತುಬಿಟ್ಟಿದ್ದಳು. ವರ್ದುಶ್ ಕಾಮಕಸ್ತೂರಿ ಸೊಪ್ಪು, ಚೀಸು, ಉಪ್ಪಿನಕಾಯಿ ತಂದಿಟ್ಟು ವೈನ್ ಸುರಿಯುತ್ತ ಓಡಾಡಿದಳು. ಕಣ್ಣು ಮಾತ್ರ ಆ ತಟ್ಟೆಯ ಮೇಲೇ ಇತ್ತು, ಬೇಗ ಖಾಲಿಯಾಗಲಿ ಎಂದು.

ಮನ್ವೆಲ್ ಒಂದು ತುಂಡು ಬಾಯಿಗಿಟ್ಟವನು ಅಗಿಯುವುದನ್ನು ನಿಲ್ಲಿಸಿದ. ಮೆಣಸಿಲ್ಲ, ಈರುಳ್ಳಿಯಿಲ್ಲ, ಬರೀ ಉಪ್ಪು ನೀರಿನಲ್ಲಿ ಬೆಂದದ್ದು. ಆ ಸೀಮೆಯಲ್ಲಿ ಮಗುವಿಗೂ ಗೊತ್ತು ಅದೇನೆಂದು.

"ಅಕ್ಕಾ, ಇಲ್ಲಿ ಬಾ," ಎಂದ ಮೆಲ್ಲಗೆ. "ಇದು ಹರಕೇದಲ್ವಾ?"

"ಸುಮ್ನೆ ತಿನ್ನಯ್ಯ. ಒಂಬತ್ತು ವರ್ಷ ಮೆಣಸು ಜಾಸ್ತಿ ಅಂದೆ, ಇವತ್ತು ಹಾಕಿಲ್ಲ ಅಂತ ತಕರಾರಾ?"

"ಮಾತು ಹಾರಿಸ್ಬೇಡ. ಹರಕೆ ಊಟಕ್ಕೆ ಟೂರ್ ಕಂಪನಿ ಹತ್ರ ದುಡ್ಡು ತಗೋತೀಯಾ? ದೇವರು ಕೈ ಮುರಿದು ಹಾಕ್ತಾನೆ."

ವರ್ದುಶ್ ವೈನಿನ ಹೂಜಿಯನ್ನು ಮೇಜಿನ ಮೇಲಿಟ್ಟುಬಿಟ್ಟಳು. ಇದನ್ನು ಅವಳು ಯೋಚಿಸಿಯೇ ಇರಲಿಲ್ಲ. ತನ್ನ ಬಾಯಿಂದ ತಪ್ಪಿಸುವ ಗಡಿಬಿಡಿಯಲ್ಲಿ, ಇನ್ನೊಬ್ಬ ತಾಯಿಯ ಹರಕೆಯನ್ನು ಮಾರಾಟಕ್ಕಿಟ್ಟುಬಿಟ್ಟಿದ್ದಳು.

"ದುಡ್ಡು ಬೇಡ," ಎಂದಳು. "ಒಬ್ಬ ತಾಯಿ ಮಗನಿಗೋಸ್ಕರ ಹೊತ್ತಿದ್ದ ಹರಕೆ, ಇವತ್ತಿನ ಊಟಕ್ಕೆ ಒಂದು ಕಾಸೂ ಬೇಡ."

"ರಸೀದಿ ಕೇಳಿದ್ರೆ ನಾನೇನ್ ಹೇಳ್ಲಿ?"

"ಮುದುಕಿಗೆ ತಲೆ ಕೆಟ್ಟಿದೆ ಅಂತ ಹೇಳು. ನಂಬ್ತಾರೆ."

ಇವರ ಪಿಸುಮಾತು ನೋಡಿ ಅತಿಥಿಗಳಿಗೆ ಕುತೂಹಲ. ಮನ್ವೆಲ್ ಸುಳ್ಳು ಹೇಳಲಾರದ ಗೈಡು, ಆ ಕಸುಬಿನಲ್ಲಿ ಅಪರೂಪದ ಪ್ರಾಣಿ. ಎದ್ದು ನಿಂತು ಎಲ್ಲ ಹೇಳಿದ: ಒಬ್ಬ ತಾಯಿ ಮಗನಿಗಾಗಿ ಹೊತ್ತ ಹರಕೆಯ ಊಟ ಇದು, ಮಾರುವುದಲ್ಲ, ಹಂಚುವುದು, ಇವತ್ತು ನೀವು ಗಿರಾಕಿಗಳಲ್ಲ, ನೆಂಟರು. ಮೇಜಿನ ತುದಿಯಲ್ಲಿದ್ದ ದಪ್ಪ ಮನುಷ್ಯ ತನ್ನ ಫೋನು ತೆಗೆದು ನೋಡಿ ಮುಖ ಸಣ್ಣದು ಮಾಡಿದ. ಬೆಳಿಗ್ಗೆ ನೊರವಾಂಕಿನಲ್ಲಿ, ಕೊಂಬಿಗೆ ಕೆಂಪು ಪಟ್ಟಿ ಕಟ್ಟಿಸಿಕೊಂಡು ಗುಡಿಗೆ ಮೂರು ಸುತ್ತು ಬರುತ್ತಿದ್ದ ಕುರಿಯ ಚಿತ್ರ ಹಿಡಿದಿದ್ದನಂತೆ. ಫೋನು ಜೇಬಿಗಿಟ್ಟು ನೀರು ಕುಡಿದ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತಿನ್ನತೊಡಗಿದ.

ಪೋಲೆಂಡಿನ ಅಜ್ಜಿ ಮಾತ್ರ ಲೋಟ ಹಿಡಿದು ಏನೋ ಕೇಳಿದಳು. ಮನ್ವೆಲ್ ವರ್ದುಶಳ ಕಡೆ ತಿರುಗಿದ. "ಹುಡುಗನ ಹೆಸರೇನು ಅಂತ ಕೇಳ್ತಿದಾರೆ. ಅವನ ಹೆಸರಲ್ಲಿ ಕುಡೀಬೇಕಂತೆ. ನ್ಯಾಯವಾದ ಮಾತು, ಯಾರ ಹರಕೆ ಅಂತ ಹೇಳ್ದೆ ಬಡಿಸೋ ಹಾಗಿಲ್ಲ. ಹೇಳಕ್ಕ."

ಹದಿನಾಲ್ಕು ಮುಖ ಅವಳನ್ನೇ ನೋಡುತ್ತಿದ್ದವು. ಎರಡೂವರೆ ವರ್ಷದಿಂದ ಆ ಹೆಸರು ಅವಳ ಮನೆಯೊಳಗೆ ಬಂದಿರಲಿಲ್ಲ.

"ಹೋವಿಕ್," ಎಂದಳು.

"ಹೋವಿಕ್!" ಎಂದು ಅಷ್ಟೂ ಜನ ಒಕ್ಕೊರಲಿನಿಂದ ಕೂಗಿ ಲೋಟ ಎತ್ತಿದರು. ಒಳಗೆ ವೈನ್ ಚೆನ್ನಾಗಿಯೇ ಇಳಿದಿತ್ತು, ಒಂದು ಸಲ ಸಾಲದೆಂದು ಇನ್ನೊಂದು ಸಲ ಕೂಗಿದರು. ದೇವರಿಗೆ ಸಲ್ಲಲಿ ಎನ್ನುವುದನ್ನೂ ಮನ್ವೆಲ್ ಹೇಳಿಕೊಟ್ಟ, ತೊದಲುತ್ತ ಅದನ್ನೂ ಹೇಳಿದರು. ವರ್ದುಶ್ ಏಪ್ರನ್ನಿನಿಂದ ಕೈ ಒರೆಸುತ್ತ, ಒರೆಸಿದ್ದನ್ನೇ ಒರೆಸುತ್ತ ನಿಂತಿದ್ದಳು.

ಗೋಡೆಯಾಚೆ ಹೋವಿಕ್ ಅಂಗಳದಲ್ಲೇ ಇದ್ದ. ತನ್ನ ಹೆಸರು ಕೂಗಿದ್ದು ಕೇಳಿ, ಅದೂ ಆ ಮನೆಯಿಂದ, ಏನಾಯಿತೋ ಎಂದು ಗಾಬರಿಬಿದ್ದು ಓಡಿ ಬಂದ. ಓಡಿ ಎಂದರೆ ಎಡಗಾಲು ಎಳೆಯುತ್ತ. ಗೇಟು ತೆರೆದೇ ಇತ್ತು. ಒಳಗೆ ಕಾಲಿಟ್ಟವನು ವರ್ದುಶಳನ್ನು ನೋಡಿ ನಿಂತಲ್ಲೇ ನಿಂತ.

"ಕರೆದ್ರಾ ದೊಡ್ಡಮ್ಮ?"

ದಪ್ಪ ಮನುಷ್ಯ "ಕುರಿ ಹಿಡಿದಿದ್ದವನು ಇವನೇ" ಎಂದು ಖುಷಿಯಿಂದ ಎದ್ದ. ಅತಿಥಿಗಳೆಲ್ಲ ಸುತ್ತ ಮುತ್ತಿ ಹೋವಿಕನ ಬೆನ್ನು ತಟ್ಟಿದರು, ಕೈ ಕುಲುಕಿದರು. ಮನ್ವೆಲ್ ಇಬ್ಬರ ಮುಖವನ್ನೂ ನೋಡಿದ. ಈ ಓಣಿಯ ಕಥೆ ಅವನಿಗೆ ಗೊತ್ತು. ಇನ್ನೂ ಗುಡಾಣ ನೋಡುವುದಿದೆ, ಬಾಟಲಿ ಕೊಳ್ಳುವುದಿದೆ ಎನ್ನುತ್ತಿದ್ದವರನ್ನು "ಯೆರೆವಾನಿಗೆ ತಡ ಆಗುತ್ತೆ, ನಡೀರಿ" ಎಂದು ಅಟ್ಟಿಕೊಂಡು ಹೋದ. ಹೋಗುವಾಗ ಅಜ್ಜಿ ವರ್ದುಶಳ ಎರಡೂ ಕೆನ್ನೆಗೆ ಮುತ್ತಿಟ್ಟಳು. ಹರಕೆ ಹೊತ್ತ ತಾಯಿ ಇವಳೇ ಎಂದುಕೊಂಡಿದ್ದಳು ಪಾಪ. ವರ್ದುಶ್ ತಿದ್ದಲಿಲ್ಲ.

ಬಸ್ಸಿನ ಸದ್ದು ಹೆದ್ದಾರಿಗೆ ಇಳಿಯಿತು. ಚಪ್ಪರದಡಿ ಇಬ್ಬರೇ. ತಟ್ಟೆಯಲ್ಲಿ ಒಂದೇ ಒಂದು ತುಂಡು ಉಳಿದಿತ್ತು. ಬಿಸಿಲು ಗೋಡೆಯಿಂದ ಮೇಲಕ್ಕೆ ಸರಿಯತೊಡಗಿತ್ತು.

"ಕೂತ್ಕೋ, ಕಾಲು ನೋವು ಬರುತ್ತೆ," ಎಂದಳು ವರ್ದುಶ್.

ಅವನು ಬೆಂಚಿನ ತುದಿಯಲ್ಲಿ ಕೂತ.

"ನಿನ್ನ ಕಂಡ್ರೆ ನನಗೆ ಹೊಟ್ಟೆ ಉರಿಯುತ್ತೆ ಕಣೋ. ಸುಳ್ಳು ಯಾಕೆ ಹೇಳ್ಲಿ. ನೀನು ನಡೆದ್ರೂ ಉರಿಯುತ್ತೆ, ಕೆಮ್ಮಿದ್ರೂ ಉರಿಯುತ್ತೆ."

"ಗೊತ್ತು ದೊಡ್ಡಮ್ಮ."

"ನಿನಗೇನ್ ಗೊತ್ತು, ಮಣ್ಣು." ಅವಳು ಎದುರು ಬೆಂಚಿಗೆ ಕುಸಿದಳು. ಸ್ವಲ್ಪ ಹೊತ್ತು ಮೇಜಿನ ಮೇಲಿನ ರೊಟ್ಟಿಯ ಚೂರುಗಳನ್ನು ಒಟ್ಟುಮಾಡಿದಳು. ಆಮೇಲೆ, ಅವತ್ತು ಯಾವ ಪ್ರಶ್ನೆಯ ಉತ್ತರಕ್ಕೆ ಹೆದರಿ ಚಿಲಕ ಹಾಕಿಕೊಂಡಿದ್ದಳೋ ಆ ಪ್ರಶ್ನೆ ಕೇಳಿದಳು. "ಲಾರಿ ಜಾರಿದಾಗ... ಕೂಗಿದ್ನಾ? ನನ್ನ ಕರೆದ್ನಾ?"

ಹೋವಿಕ್ ತಲೆ ಎತ್ತಿದ. "ಇಲ್ಲ ದೊಡ್ಡಮ್ಮ. ಅವನು ನಿದ್ದೆ ಮಾಡ್ತಿದ್ದ."

"ನಿದ್ದೆ?"

"ಹೂಂ. ಹಿಂದಿನ ರಾತ್ರಿಯೆಲ್ಲ ಕಾವಲಿದ್ದ. ಹತ್ತಿದ ತಕ್ಷಣ ನನ್ನ ಭುಜಕ್ಕೆ ಒರಗಿ ಗೊರಕೆ ಹೊಡೆಯೋಕೆ ಶುರು ಮಾಡ್ದ. ಏಳ್ಲೇ ಇಲ್ಲ. ನಾನೊಬ್ನೇ ಕೂಗಿದ್ದು. ಇದನ್ನೇ ಹೇಳೋಣ ಅಂತ ಅವತ್ತು ಬಂದಿದ್ದೆ."

ಎರಡೂವರೆ ವರ್ಷ ಪ್ರತಿದಿನ ಅವಳು ಆ ಕಣಿವೆಯಲ್ಲಿ ಮಗನ ಕೂಗು ಕೇಳಿದ್ದಳು. ರೊಟ್ಟಿ ತಟ್ಟುವಾಗ ಕೇಳಿದ್ದಳು, ಅತಿಥಿಗಳಿಗೆ ನಗುತ್ತ ಬಡಿಸುವಾಗಲೂ ಕೇಳಿದ್ದಳು. ಆ ಕೂಗು ಇರಲೇ ಇಲ್ಲ. ಅವಳ ಕೂಸು ಗೆಳೆಯನ ಭುಜಕ್ಕೆ ತಲೆಯಿಟ್ಟು ಮಲಗಿತ್ತು.

"ಅಪ್ಪನ ಹಾಗೇ ಗೊರಕೆ," ಎಂದಳು ವರ್ದುಶ್. ಅಂದವಳು ಗಟ್ಟಿಯಾಗಿ ಅತ್ತಳು, ಮೊದಲ ಸಲ ಬೇರೆಯವರ ಮುಂದೆ. ಹೋವಿಕನೂ ಅತ್ತ.

ಅಳು ಮುಗಿದ ಮೇಲೆ ಅವಳು ಉಳಿದ ತುಂಡನ್ನು ಲವಾಶಿನಲ್ಲಿ ಸುತ್ತಿ, ಅವನ ಎದುರಿಗೇ ಪೂರ್ತಿ ತಿಂದಳು. ಬಾಯಿ ಒರೆಸಿಕೊಂಡು, ಗೋಡೆಯಾಚೆಗೂ ಕೇಳುವಷ್ಟು ಜೋರಾಗಿ ಹೇಳಿದಳು: "ದೇವರಿಗೆ ಸಲ್ಲಲಿ."