ಕಾಶೀಂಸಾಬರ ನಾಲ್ಕು ಬೆರಳು

"ಎಂಜಿನ್ ಬದಲಿ ಮಾಡೂದು ಅಂದ್ರ ಒಂದು ಎತ್ತಿ ಇನ್ನೊಂದು ಇಡೂದಲ್ಲ, ಬಾನೂ. ಮನಿಗೆ ಸೊಸಿ ತಂದಂಗ ಅದು. ಆಕಿ ಬಂದ ಮ್ಯಾಲೆ ಅಡಿಗಿಮನ್ಯಾಗಿನ ಡಬ್ಬಿ ಎಲ್ಲಾ ಜಾಗಾ ಬದಲಾಗ್ತಾವು. ಪೆಟ್ರೋಲ್ ಎಂಜಿನ್ ಹಗರ ಇರ್ತೈತಿ, ಗಿಡ್ಡ ಇರ್ತೈತಿ. ಡೀಸಲ್ ಅಂದ್ರ ಭಾರ, ಉದ್ದ, ಸಾಲದ್ದಕ್ಕ ಹೊಟ್ಟಿ ಬ್ಯಾರೆ ಕೆಳಗ ಜೋತು ಬಿದ್ದಿರ್ತೈತಿ. ಆ ಹೊಟ್ಟೀನ ಚೇಂಬರ್, ಎಣ್ಣಿ ನಿಂದರೂದು ಅದರಾಗನ. ಅದರ ಕೆಳಗ ಒಂದು ರಾಡ್ ಅಡ್ಡ ಹೋಗಿರ್ತೈತಿ. ಸ್ಟೇರಿಂಗ್ ತಿರುವಿದ್ರ ಎರಡೂ ಗಾಲಿ ಕೂಡೇ ತಿರಗೂದು ಆ ರಾಡಿನಿಂದ. ಗಾಡಿ ಖಾಲಿ ನಿಂತಾಗ ಚೇಂಬರಿಗೂ ರಾಡಿಗೂ ಏನೂ ಸಂಬಂಧ ಇಲ್ಲ. ತುಂಬ ಮಂದಿ ಹತ್ತಲಿ, ಇಳುಕಲದಾಗ ಬ್ರೇಕ್ ಒತ್ತಲಿ, ಮೂತಿ ನೆಲಕ್ಕ ಬಗ್ಗತೈತಿ, ಚೇಂಬರ್ ಇಳದು ರಾಡಿನ ಮ್ಯಾಲೆ ಕುಂದರತೈತಿ. ಕುಂತಿತೋ, ಸ್ಟೇರಿಂಗ್ ತಿರಗೂದಿಲ್ಲ. ಹಾದಿ ತಿರಗತೈತಿ, ಗಾಡಿ ಸೀದಾ ಹೋಗ್ತೈತಿ. ಅದಕ್ಕ ನಮ್ಮ ಉಸ್ತಾದ ದಾದಾಪೀರ ಮದಲ ದಿನಾನ ಹೇಳಿದ್ರು, ಅವೆರಡರ ನಡಕ ನಾಲ್ಕು ಬೆರಳು ಹೋಗಬೇಕು. ಹೋಗಲಿಲ್ಲಂದ್ರ ಎಂಜಿನ್ ಇಳಸು. ಮಾಲಕ ಬೈದ್ರೂ ಇಳಸು, ಊಟದ ಹೊತ್ತು ಮೀರಿದ್ರೂ ಇಳಸು."

ಕಾಶೀಂಸಾಬರು ಈ ಮಾತು ಹೇಳುವಾಗ ಅವರ ಮುಂದೆ ಇದ್ದದ್ದು ನಿಜವಾದ ಗಾಡಿಯಲ್ಲ, ಮೊಳದುದ್ದದ ಒಂದು ಆಟಿಕೆ ಜೀಪು. ಗಜೇಂದ್ರಗಡದ ಅವರ ಮನೆಯ ಕಟ್ಟೆಯ ಮೇಲೆ ಹಳೇ ಚಾದರ ಹಾಸಿ, ಅದರ ಮೇಲೆ ಜೀಪಿನ ಚೂರುಗಳನ್ನೆಲ್ಲ ಹರವಿಕೊಂಡು ಕೂತಿದ್ದರು. ಎದುರಿಗೆ ಹೆಂಡತಿ ಬಾನುಬಿ ಶೇಂಗಾ ಒಡೆಯುತ್ತ ಕೇಳುತ್ತಿದ್ದಳು. ಮದುವೆಯಾದಂದಿನಿಂದ ಚೇಂಬರು, ರಾಡು, ಪಾನಾ ಎಂಬ ಮಾತುಗಳನ್ನು ಕೇಳಿ ಕೇಳಿ, ಗಾಡಿಯ ಕೆಳಗೆ ಒಮ್ಮೆಯೂ ಬಗ್ಗಿ ನೋಡದಿದ್ದರೂ ಅದರ ಒಳಗೆಲ್ಲ ಆಕೆಗೆ ಗೊತ್ತಿತ್ತು.

ಕಾಶೀಂಸಾಬರು ಹುಟ್ಟಿದ್ದು ಅಸೂಟಿಯಲ್ಲಿ. ಮೀಸೆ ಮೂಡುವ ಮೊದಲೇ ನರಗುಂದಕ್ಕೆ ಹೋಗಿ ದಾದಾಪೀರ ಉಸ್ತಾದರ ಗ್ಯಾರೇಜು ಸೇರಿದರು. ಆಗ ದೊಡ್ಡ ದೊಡ್ಡ ಮನೆಗಳ ಪೆಟ್ರೋಲ್ ಜೀಪುಗಳು, ದುಬಾರಿ ಎಣ್ಣೆ ಕುಡಿಸಲಿಕ್ಕೆ ಆಗದೆ, ಕೊಟ್ಟಿಗೆಯಲ್ಲಿ ಕೋಳಿ ಗೂಡಾಗಿದ್ದವು. ಗುಜರಿಯಿಂದ ಟೆಂಪೋದ ಡೀಸಲ್ ಎಂಜಿನ್ ತಂದು ಅವುಗಳ ಹೊಟ್ಟೆಗೆ ಹಾಕುವುದನ್ನು ಅವರು ಅಲ್ಲೇ ಕಲಿತದ್ದು. ಮುಂದೆ ಗಜೇಂದ್ರಗಡಕ್ಕೆ ಬಂದು ರೋಣದ ರಸ್ತೆಗೆ ತಗಡಿನ ಶೆಡ್ಡು ಹಾಕಿದರು. ಕಸುಬಿನ ಹುಚ್ಚು ಎಂಥದೆಂದರೆ, ಬಾನುಬಿಯ ತಮ್ಮನ ನಿಕಾಹ್ ದಿನ ಬಿರಿಯಾನಿ ಬಡಿಸುವ ಹೊತ್ತಿಗೆ ಇವರು ಕಾಣಲಿಲ್ಲ. ಹುಡುಕಿದರೆ ಮದುಮಗನ ಜೀಪಿನ ಕೆಳಗಿಂದ ಎರಡು ಕಾಲು ಹೊರಗೆ ಚಾಚಿದ್ದವು. ಬಿಳಿ ಅಂಗಿ ಮತ್ತೆ ಬಿಳಿಯಾಗಲಿಲ್ಲ. ಆ ಅಂಗಿಯ ಸಲುವಾಗಿ ಬಾನುಬಿ ಈಗಲೂ ಬೈಯುತ್ತಾಳೆ.

ಸೊಂಟ ಹಿಡಿದ ಮೇಲೆ ಗದಗಿನ ದವಾಖಾನೆಯಲ್ಲಿ ಇನ್ನು ಬಗ್ಗಬಾರದು ಅಂದರು. ಗ್ಯಾರೇಜು ಮಗ ಇಲಿಯಾಸನ ಕೈಗೆ ಬಂತು. ಬಂದದ್ದು ಸಲೀಸಾಗಿ ಅಲ್ಲ. ಮಗ ಬಿಗಿದ ನಟ್ಟನ್ನು ತಂದೆ ಗಿರಾಕಿಯ ಎದುರೇ ಬಿಚ್ಚಿ ಮತ್ತೆ ಬಿಗಿದರು. ಅವತ್ತೇ ಇಲಿಯಾಸ ಹೆಂಡತಿ ನಾಜಮೀನಳನ್ನು ಕರೆದುಕೊಂಡು ನರಗುಂದಕ್ಕೆ ಹೋಗಿಬಿಟ್ಟ. ಒಂದು ಮಳೆಗಾಲ ಪೂರ್ತಿ ಅಲ್ಲಿ ಬೇರೆಯವರ ಗ್ಯಾರೇಜಿನಲ್ಲಿ ದುಡಿದ. ಬಾನುಬಿಯೇ ಬಸ್ಸು ಹತ್ತಿ ಹೋಗಿ, ಅತ್ತು ಕರೆದು, ವಾಪಸ್ಸು ತಂದಳು. ತಂದ ಮೇಲೆ ಕಾಶೀಂಸಾಬರು ಊರಿನ ಮೇಸ್ತ್ರಿಗಳನ್ನೆಲ್ಲ ಕರೆದು, ಶುಕ್ರವಾರದ ನಮಾಜು ಮುಗಿಸಿ, ನಟ್ಟು ಬಿಗಿಯುವ ತಮ್ಮ ದೊಡ್ಡ ಪಾನಾವನ್ನು ಮಗನ ಕೈಯಲ್ಲಿ ಇಟ್ಟರು. ಅದು ಆ ಕಸುಬಿನವರ ರಿವಾಜು. ಪಾನಾ ಕೊಟ್ಟ ಮೇಲೆ ಉಸ್ತಾದನು ಶಾಗಿರ್ದನ ಕೆಲಸಕ್ಕೆ ಕೈ ಹಾಕುವಂತಿಲ್ಲ, ಬಾಯಿಯನ್ನೂ ಹಾಕುವಂತಿಲ್ಲ. ಅವನಾಗಿ ಕರೆದರೆ ಮಾತ್ರ ಹೋಗಬಹುದು. ಇಲಿಯಾಸ ಕರೆದಿರಲಿಲ್ಲ. ಬಾನುಬಿಗೆ ಒಂದೇ ಭಯ. ಈ ಸಲ ಹೋದರೆ ಮಗ ತಿರುಗಿ ಬರುವುದಿಲ್ಲ.

ಆಟಿಕೆ ಜೀಪನ್ನು ತಂದವನು ಬಾನುಬಿಯ ಅಣ್ಣನ ಮಗ ಜಾವೀದ, ದುಬೈಯಲ್ಲಿ ಕೆಲಸಕ್ಕಿರುವವನು. ಮಾವ ಸುಮ್ಮನೆ ಗೋಡೆ ನೋಡುತ್ತ ಕೂಡಬಾರದು ಎಂದು ದೊಡ್ಡ ಡಬ್ಬಿ ತಂದಿಟ್ಟ. ಒಳಗೆ ಸಾವಿರ ಚೂರು. ಗುಂಡುಸೂಜಿಯಷ್ಟು ಸಣ್ಣ ಸ್ಕ್ರೂಗಳು, ಒತ್ತಿದರೆ ನಿಜವಾಗಿ ಬಗ್ಗುವ ಪಾಟಾ ಸ್ಪ್ರಿಂಗು, ನಿಜವಾಗಿ ತಿರುಗುವ ಸ್ಟೇರಿಂಗು. ಇಂಥ ಎಂಟು ಜೀಪು ಸಾಲಾಗಿ ನಿಲ್ಲಿಸಿದರೆ ಒಂದು ನಿಜವಾದ ಜೀಪಿನ ಉದ್ದ. ಡಬ್ಬಿಯಲ್ಲಿದ್ದದ್ದು ಪೆಟ್ರೋಲ್ ಎಂಜಿನ್ನು. ಕಾಶೀಂಸಾಬರು ಅದನ್ನು ಅಂಗೈಯಲ್ಲಿ ತೂಗಿ ನೋಡಿ, ನಮ್ಮ ಕಡೆ ಇದಕ್ಕೆ ಪೆಟ್ರೋಲ್ ಹಾಕುವವರು ಯಾರು ಎಂದು ನಕ್ಕು, ಅರಿವೆಯಲ್ಲಿ ಸುತ್ತಿ ಗೂಡಿನಲ್ಲಿಟ್ಟರು.

ಅಲ್ಲಿಂದ ಶುರುವಾಯಿತು. ಎಣ್ಣೆ ಡಬ್ಬಿಯ ಪ್ಲಾಸ್ಟಿಕ್ ಕತ್ತರಿಸಿ, ಕಾಸಿ ಬಗ್ಗಿಸಿ, ಚೇಂಬರು ಮಾಡಿದರು. ಸುಟ್ಟ ಮೋಟರಿನ ತಾಮ್ರದ ತಂತಿಯಿಂದ ಡೀಸಲ್ ಪೈಪುಗಳು ಬಂದವು. ಪೆನ್ನಿನ ಮುಚ್ಚಳ ಪಂಪಾಯಿತು. ಎಂಜಿನ್ನು ಕೂಡಿಸಲು ತಂಪು ಪಾನೀಯದ ತಗಡು ಕತ್ತರಿಸಿ ಫೌಂಡೇಶನ್ ಮಾಡಿದರು. ನಾಲ್ಕು ಬೆರಳಿನ ಅಳತೆ ಇಷ್ಟು ಸಣ್ಣ ಗಾಡಿಗೆ ಹೇಗೆ ಬರಬೇಕು? ತಮ್ಮ ನಾಲ್ಕು ಬೆರಳನ್ನು ಕಾಗದದ ಮೇಲೆ ಇಟ್ಟು ಗೆರೆ ಎಳೆದು, ಅದನ್ನು ಎಂಟು ಪಾಲು ಮಾಡಿ, ಒಂದು ಪಾಲಿನ ಅಳತೆಗೆ ಕಟ್ಟಿಗೆಯ ಚೂರು ಕೆತ್ತಿಕೊಂಡರು. ಆ ಚೂರು ಚೇಂಬರಿಗೂ ರಾಡಿಗೂ ನಡುವೆ ಸಲೀಸಾಗಿ ಹೋಗುವ ತನಕ ಎಂಜಿನ್ನು ಇಳಿಸಿ ಏರಿಸಿ ಮಾಡಿದರು. ಬಾನುಬಿ ಸ್ಕ್ರೂ ಹುಡುಕಿ ಕೊಡುತ್ತಿದ್ದಳು. ಇಲಿಯಾಸ ಹೋಗುವಾಗ ಬರುವಾಗ ಒಂದು ಕಣ್ಣು ಹಾಯಿಸುತ್ತಿದ್ದ.

ಹತ್ತಿ ಬಿಡಿಸುವ ಸುಗ್ಗಿ ಹತ್ತಿರ ಬಂದಿತ್ತು. ಒಂದು ದಿನ ಮಧ್ಯಾಹ್ನದ ಮುಂದೆ ಕಳಕಪ್ಪ ಬಂದು ಕಟ್ಟೆಗೆ ಕೂತ. ಹೆಣ್ಣಾಳುಗಳನ್ನು ಹೊಲಕ್ಕೆ ಒಯ್ಯುವ ಜೀಪು ಅವನದು. ಹಳೇ ಎಂಜಿನ್ನು ತೆಗೆಸಿ ಇಲಿಯಾಸನ ಕೈಯಲ್ಲಿ ಡೀಸಲ್ ಹಾಕಿಸಿಕೊಂಡಿದ್ದ. ನಾಳೆ ಮುಂಜಾನೆ ಮೊದಲ ಖೇಪು, ರೋಣದ ಆಚೆ ಹೊಲಕ್ಕೆ, ನಿಮ್ಮ ಓಣಿಯ ಸಕ್ಕೂಬಾಯಿಯೂ ಬರುತ್ತಾಳೆ ಎಂದ. ಆಟಿಕೆ ನೋಡಿ ಮುದುಕರಾದ ಮೇಲೆ ಸಾಬರಿಗೆ ಆಟ ಹತ್ತಿತು ಎಂದು ಚೇಷ್ಟೆ ಮಾಡಿದ. ಎದ್ದು ನಿಂತ ಮೇಲೆ, ಹೋಗುವ ಮಾತಿನಲ್ಲಿ ಅಂದ:

"ಗಾಡಿ ಚಲೋ ಎಳೀತೈತ್ರಿ ಸಾಬರ. ಹಳ್ಳದ ಇಳುಕಲದಾಗ ಒಂದ ಸಲ ಟಕ್ ಅಂತ ಸಪ್ಪಳ ಬಂತು. ಹೊಸಾ ಮಾಲು ಕುಂದರಾಕತ್ತೈತಿ ಅಂದಾ ನಿಮ್ಮ ಇಲಿಯಾಸ."

ಅವನು ಹೋದ ಮೇಲೆ ಕಾಶೀಂಸಾಬರ ಕೈ ನಿಂತಿತು. ಆಮೇಲೆ ಆಟಿಕೆಯ ಮೂತಿಯ ಮೇಲೆ ಅಂಗೈ ಇಟ್ಟು ಪಾಟಾ ಬಗ್ಗುವ ಹಾಗೆ ಒತ್ತಿದರು. ಸಪ್ಪಳ ಬರಲಿಲ್ಲ. ಮತ್ತೆ ಒತ್ತಿದರು. ಬಾನುಬಿ ಶೇಂಗಾ ಬಿಟ್ಟು ಅವರನ್ನೇ ನೋಡಿದಳು.

ಊಟಕ್ಕೆ ಇಲಿಯಾಸ ಬಂದಾಗ, ತಂದೆ ಆಟಿಕೆಯ ವಿಷಯ ಕೇಳುವವರ ಹಾಗೆ, ಕಣ್ಣು ಎತ್ತದೆ, ಡೀಸಲ್ ಕೂಡಿಸುವಾಗ ನೀನು ಎಷ್ಟು ಸಂದು ಬಿಡುತ್ತೀ ಎಂದರು. ಮಗನ ಕೈಯಲ್ಲಿನ ರೊಟ್ಟಿ ತಟ್ಟೆಗೆ ಇಳಿಯಿತು.

"ನಾಲ್ಕು ಬೆರಳು. ನೀವ ಕಲಿಸಿದ್ದು. ಮತ್ತೇನರ ಕೇಳೂದೈತೇನು?"

ಕೇಳುವುದು ಇರಲಿಲ್ಲ. ಕಾಶೀಂಸಾಬರು ಹಗುರಾದರು. ಬಾನುಬಿ ಕೂಡ. ಆದರೂ ಆ ಟಕ್ ಎಂಬ ಸಪ್ಪಳ ಆಕೆಯ ಕಿವಿಯಿಂದ ಹೋಗಲಿಲ್ಲ. ತಾನು ಕೇಳದ ಸಪ್ಪಳ ಅದು. ಆದರೂ ಪಾತ್ರೆ ತಿಕ್ಕುವಾಗ ಕೇಳಿಸಿತು, ಕದ ಹಾಕುವಾಗ ಕೇಳಿಸಿತು.

ಮರುದಿನ ಮುಂಜಾನೆ ಕಳಕಪ್ಪನ ಜೀಪು ಓಣಿಯಲ್ಲಿ ನಿಂತು ಹಾರ್ನ್ ಹೊಡೆಯಿತು. ಸಕ್ಕೂಬಾಯಿ ಬುತ್ತಿ ಗಂಟು ಹಿಡಿದು ಓಡಿದಳು. ಹಿಂದೆ ಹೆಣ್ಣುಮಕ್ಕಳು ಒಬ್ಬರ ತೊಡೆಯ ಮೇಲೆ ಒಬ್ಬರು, ಮುಂದೆ ಕಳಕಪ್ಪನ ಪಕ್ಕಕ್ಕೂ ಜಾಗವಿಲ್ಲದಷ್ಟು. ಜೀಪಿನ ಮೂತಿ ಬಗ್ಗಿದ್ದು ಬಾನುಬಿಗೆ ಬಾಗಿಲಿನಿಂದಲೇ ಕಂಡಿತು. ಒಳಗೆ ಬಂದರೆ ಇಲಿಯಾಸ ನಿಂತಲ್ಲೇ ರೊಟ್ಟಿ ಸುತ್ತಿಕೊಂಡು, ಉಪ್ಪಿನಕಾಯಿಯ ಭರಣಿಗೆ ಕೈ ಹಾಕಿ ಹೋಳು ತೆಗೆಯುತ್ತಿದ್ದ. ಸಣ್ಣ ಬಾಯಿಯ ಭರಣಿ ಅದು, ಆಕೆ ತವರಿನಿಂದ ತಂದದ್ದು. ತೆಗೆದುಕೊಂಡು ಅವನು ಗ್ಯಾರೇಜಿಗೆ ಹೋದ.

ಬಾನುಬಿ ಭರಣಿ ಮುಚ್ಚಲು ಹೋದವಳು ಅದನ್ನೇ ನೋಡುತ್ತ ನಿಂತಳು. ಆ ಭರಣಿಯೊಳಗೆ ಗಂಡನ ಕೈ ಯಾವತ್ತೂ ಹೊಕ್ಕಿರಲಿಲ್ಲ. ಪ್ರತಿ ಸಲ ಆಕೆಯೇ ತೆಗೆದುಕೊಡಬೇಕು. ಕಬ್ಬಿಣ ಹಿಡಿದು ಹಿಡಿದು ಕಾಶೀಂಸಾಬರ ಬೆರಳು ಗಜ್ಜರಿಯಷ್ಟು ದಪ್ಪ. ಮಗನ ಕೈ ತಾಯಿಯದು, ಸಣ್ಣ ಎಲುಬು, ನೀಳ ಬೆರಳು.

ಕಟ್ಟೆಗೆ ಬಂದು ಹೇಳಿದಳು. "ನಿಮ್ಮ ನಾಲ್ಕು ಬೆರಳಂದ್ರ ಅವನ ಐದು ಬೆರಳಿಗೂ ಹೆಚ್ಚಾಗ್ತೈತ್ರಿ."

ಕಾಶೀಂಸಾಬರು ತಮ್ಮ ಕೈ ನೋಡಿಕೊಂಡರು. ಉಸ್ತಾದರ ಬೆರಳೂ ದಪ್ಪ, ತಮ್ಮ ಬೆರಳೂ ದಪ್ಪ. ಆ ಅಳತೆಯನ್ನು ಯಾರೂ ಪಟ್ಟಿ ಹಿಡಿದು ನೋಡಿರಲಿಲ್ಲ. ಅವರು ಬಾನುಬಿಯ ಕೈಯನ್ನು ಕಾಗದದ ಮೇಲೆ ಇಡಿಸಿಕೊಂಡು ಗೆರೆ ಎಳೆದರು. ಎಂಟು ಪಾಲು ಮಾಡಿದರು. ಹೊಸ ಚೂರು ಕೆತ್ತಿ, ಆಟಿಕೆಯ ಎಂಜಿನ್ನನ್ನು ಆ ಅಳತೆಗೆ ಇಳಿಸಿ ಬಿಗಿದರು. ಸ್ಕ್ರೂ ಎರಡು ಸಲ ಬಿತ್ತು. ಆಮೇಲೆ ಮೂತಿ ಒತ್ತಿದರು.

ಟಕ್.

ಒತ್ತಿ ಹಿಡಿದೇ ಸ್ಟೇರಿಂಗು ತಿರುಗಿಸಿದರು. ಗಾಲಿ ಅಲುಗಲಿಲ್ಲ.

ಅವರು ಎದ್ದು ಚಪ್ಪಲಿ ಮೆಟ್ಟಿ ಬಾಗಿಲ ತನಕ ಹೋದರು. ಅಲ್ಲಿ ನಿಂತುಬಿಟ್ಟರು. ಎಲ್ಲರ ಎದುರು ಕೊಟ್ಟ ಪಾನಾ, ಕಟ್ಟಿಕೊಂಡ ಬಾಯಿ. ಬಾನುಬಿ ಅವರ ಮುಖ ನೋಡಿದಳು, ಜೀಪು ಹೋದ ಹಾದಿ ನೋಡಿದಳು. ಆಟಿಕೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟಳು.

ಗ್ಯಾರೇಜಿನಲ್ಲಿ ಇಲಿಯಾಸನ ಹುಬ್ಬು ಗಂಟಾಯಿತು. "ಅಬ್ಬಾ ಕಳಿಸ್ಯಾರೇನು?"

"ಇಲ್ಲ. ಅವರು ಬಾಯಿ ಕಟಗೊಂಡು ಕುಂತಾರ. ನಾ ಯಾರಿಗೂ ಪಾನಾ ಕೊಟ್ಟಾಕಿ ಅಲ್ಲ." ಆಕೆ ಆಟಿಕೆಯನ್ನು ಅವನ ಮುಂದೆ ಇಟ್ಟಳು. "ಮೂತಿ ಒತ್ತಿ ಹಿಡಿ. ಈಗ ತಿರುವು."

ಅವನು ಬೇಸರದಿಂದ ಒತ್ತಿದ. ತಿರುವಿದ. ಮತ್ತೆ ತಿರುವಿದ. ಬಗ್ಗಿ ಕೆಳಗೆ ನೋಡಿದ.

"ಇದು ನಿನ್ನ ಬೆರಳಿನ ಅಳತಿ, ಬೇಟಾ. ಅವರದಲ್ಲ."

ಇಲಿಯಾಸ ತನ್ನ ಕೈಯನ್ನು ತಾನೇ ಮೊದಲ ಸಲ ನೋಡುವವನ ಹಾಗೆ ನೋಡಿಕೊಂಡ. ಆಮೇಲೆ ಫೋನು ತೆಗೆದ. ಕಳಕಪ್ಪನ ಫೋನು ಬಾರಿಸುತ್ತಲೇ ಇತ್ತು, ಆ ಡೀಸಲ್ ಗದ್ದಲದಲ್ಲಿ ಅವನಿಗೆ ಎಲ್ಲಿ ಕೇಳಬೇಕು. ಇಲಿಯಾಸ ಬೈಕು ಒದ್ದು ಚಾಲೂ ಮಾಡಿ ರೋಣದ ಹಾದಿ ಹಿಡಿದ.

ಬಾನುಬಿ ಟಾಯರಿನ ಮೇಲೆ ಕೂತಳು. ರಸ್ತೆಯಲ್ಲಿ ಟ್ರ್ಯಾಕ್ಟರುಗಳು ಹೋದವು, ಬಸ್ಸು ಹೋಯಿತು. ರೋಣದ ಕಡೆಯಿಂದ ಬರುವ ಪ್ರತಿಯೊಬ್ಬನ ಮುಖ ನೋಡಿದಳು, ಏನಾದರೂ ಸುದ್ದಿ ತಂದಿದ್ದಾನೋ ಎಂದು. ಫೋನು ಬಂದಾಗ ಎತ್ತಲು ಧೈರ್ಯವಾಗದೆ ಒಂದು ಗಳಿಗೆ ಅದನ್ನು ಕೈಯಲ್ಲೇ ಹಿಡಿದಿದ್ದಳು. ಹಳ್ಳ ದಾಟಿದ ಮೇಲೆ ಸಿಕ್ಕರು ಎಂದ ಇಲಿಯಾಸ. ಹಳ್ಳದ ಇಳುಕಲಿನಲ್ಲಿ ಒಂದು ಸಲ ಸ್ಟೇರಿಂಗು ಹಿಡಿದುಕೊಂಡಿತ್ತಂತೆ. ಜೀಪು ರಸ್ತೆ ಬಿಟ್ಟು ಇಳಿದು, ಜಾಲಿ ಗಿಡಗಳಿಗೆ ಸವರಿ, ಮತ್ತೆ ರಸ್ತೆಗೆ ಬಂದಿತ್ತು. ಕಳಕಪ್ಪ ಕುಡಿದಾನೇನು ಎಂದು ಹೆಣ್ಣುಮಕ್ಕಳು ನಕ್ಕಿದ್ದರು. ಈಗ ಕೆಳಗೆ ಇಳಿದು ಚೇಂಬರಿನ ಮೇಲಿನ ಹೊಸ ಗೀರು, ಅದರ ತಗ್ಗು ನೋಡಿದ ಮೇಲೆ ಯಾರೂ ನಗುತ್ತಿರಲಿಲ್ಲ. ಹತ್ತಿ ಹೊಲಕ್ಕೆ ನಡೆದೇ ಹೊರಟಿದ್ದರು.

ಬಾನುಬಿ ಮನೆಗೆ ಬಂದು ಗಂಡನಿಗೆ ಹೇಳಿದಳು. ಅವರು ಕಣ್ಣು ಮುಚ್ಚಿ ಗೋಡೆಗೆ ಒರಗಿದರು. ಇನ್ನು ಎಲ್ಲಾ ಸರಿಯಾಯಿತು ಎಂದು ಆಕೆ ಚಹಾಕ್ಕೆ ಇಟ್ಟಳು. ಅಷ್ಟರಲ್ಲಿ ಇಲಿಯಾಸ ಬಂದ. ಕೈಕಾಲು ತೊಳೆಯದೆ, ಬೈಕಿನ ಧೂಳಿನಲ್ಲೇ, ತಂದೆಯ ಎದುರು ಕೂತ. ಎಷ್ಟೋ ದಿನದ ಮೇಲೆ ಅವರ ಮುಖ ನೋಡಿ ಮಾತಾಡಿದ.

"ಅಬ್ಬಾ, ಇನ್ನೊಂದೈತಿ."

ನರಗುಂದದಲ್ಲಿ ದುಡಿಯುತ್ತಿದ್ದಾಗ ಅವನು ಇನ್ನೊಂದು ಜೀಪಿಗೆ ಕೂಡಿಸಿದ್ದ ಎಂಜಿನ್ನು ಅದು. ಇದೇ ಬೆರಳಿನ ಅಳತೆ. ಬರುವ ಹಾದಿಯಲ್ಲೇ ಆ ಗ್ಯಾರೇಜಿಗೆ ಫೋನು ಮಾಡಿ ಕೇಳಿದ್ದ. ಆ ಜೀಪಿನ ಮಾಲಕ ಅದನ್ನು ಮಾರಿ ಬಹಳ ದಿನವಾಯಿತು, ಶಿರೋಳದ ಕಡೆಯವರು ಒಯ್ದರು ಎಂದು ಅಲ್ಲಿಯವರು ಹೇಳಿದ್ದರು. ಒಯ್ದವರ ಹೆಸರು ಗ್ಯಾರೇಜಿನವರಿಗೆ ನೆನಪಿರಲಿಲ್ಲ.

"ಅದರಾಗ ಈಗ ಸಾಲಿ ಹುಡುಗ್ರು ಹೋಗ್ತಾರಂತ," ಎಂದ ಇಲಿಯಾಸ. "ನೀವು ಬರ್ರಿ ನನ್ನ ಕೂಡ. ನನಗ ನನ್ನ ಕಣ್ಣಿನ ಮ್ಯಾಲೆ ನಂಬಿಗಿ ಇಲ್ಲ."

ಕಾಶೀಂಸಾಬರು ಸೊಂಟದ ಪಟ್ಟಿ ಕೇಳಿದರು. ಬಾನುಬಿ ಕಟ್ಟಿದಳು. ಬೈಕಿನ ಮೇಲೆ ಕೂಡುವ ಹಾಗಿರಲಿಲ್ಲ, ತಂದೆ ಮಗ ಇಬ್ಬರೂ ಬಸ್ಸಿಗೆ ಹೋದರು. ಇಟ್ಟ ಚಹಾ ಒಲೆಯ ಮೇಲೆಯೇ ಉಳಿಯಿತು.

ಹೊತ್ತು ಏರಿತು. ನರಗುಂದ ಮುಟ್ಟಿದೆವು ಎಂದು ಒಂದು ಸಲ ಫೋನು ಬಂತು. ಜೀಪು ಮಾರಿದವನಿಂದ ಕೊಂಡವರ ಊರು, ಮನೆ ಗೊತ್ತಾಯಿತು ಎಂದು ಮತ್ತೊಂದು ಸಲ. ಕಡೆಯ ಸಲ ಶಿರೋಳದಿಂದ ಕಾಶೀಂಸಾಬರೇ ಮಾತಾಡಿದರು. ಗಾಡಿ ಮುಂಜಾನೆ ಹುಡುಗರನ್ನು ಬಿಟ್ಟು ಎಲ್ಲಿಗೋ ಬಾಡಿಗೆಗೆ ಹೋಗಿದೆ, ಡ್ರೈವರನ ಫೋನು ಬಂದ್ ಇದೆ, ಶಾಲೆ ಬಿಡುವ ಹೊತ್ತಿಗೆ ಸೀದಾ ಅಲ್ಲಿಗೇ ಬರುತ್ತಾನಂತೆ. ಶಾಲೆಯ ಮುಂದೆಯೇ ಕೂತಿದ್ದೇವೆ, ಹುಡುಗರು ಹತ್ತುವ ಮೊದಲು ಹಿಡಿಯಬೇಕು ಎಂದರು. ಹಾದಿಯಲ್ಲಿ ಏನೂ ಆಗದೆ ಅವನು ಬಂದರೆ, ಎಂದು ಸೇರಿಸಿದರು. ಆಮೇಲೂ ಫೋನು ಇಡಲಿಲ್ಲ. ಅವರ ಉಸಿರು, ಹಿಂದೆ ಮಕ್ಕಳು ಮಗ್ಗಿ ಹೇಳುವ ದನಿ ಬಾನುಬಿಗೆ ಕೇಳುತ್ತಿತ್ತು.

ಓಣಿಯಲ್ಲಿ ಯಾರೋ ನಳಾ ಬಂತೆಂದು ಕೂಗಿದರು. ವಾರದ ನೀರು, ಬಿಟ್ಟರೆ ಮತ್ತೆ ಯಾವಾಗಲೋ. ಸೊಸೆ ನಾಜಮೀನ ಪೈಪು ಎಳೆದು ತಂದಳು. ಬಾನುಬಿ ಫೋನನ್ನು ಕಾಣುವ ಹಾಗೆ ಗೋಡೆಯ ಮೇಲಿಟ್ಟು, ಸೀರೆ ಎತ್ತಿ ಕಟ್ಟಿ, ಕೊಡದ ಬಾಯಿಗೆ ಸೋಸುವ ಅರಿವೆ ಕಟ್ಟಿದಳು. ಒಂದು ಕೊಡ ತುಂಬಿತು. ಅದನ್ನು ಸರಿಸಿ ಇನ್ನೊಂದನ್ನು ಇಟ್ಟಳು.