ಲಕ್ಕಿ ಹೇಳದ ಹೆಸರು

ಹೊಳನಗದ್ದೆಯ ಲಕ್ಕಿ ನಲವತ್ತು ವರ್ಷ ಕುಮಟಾದ ಹೆದ್ದಾರಿ ಬದಿಯಲ್ಲಿ ಕೂತು ಸಿಹಿ ಈರುಳ್ಳಿ ಮಾರಿದವಳು. ಗಂಡ ಜಟ್ಟಿ ಬೆಳೆದು, ಒಣಗಿಸಿ, ಗೊಂಚಲು ಹೆಣೆದು ಕೊಡುತ್ತಿದ್ದ. ಹೋದ ಮಳೆಗಾಲದಲ್ಲಿ ಅವನು ತೀರಿಕೊಂಡ.

ಈ ಬೇಸಿಗೆಯಲ್ಲಿ ಊರವರ ಮೊಬೈಲುಗಳಲ್ಲೆಲ್ಲ ಸುದ್ದಿಯ ಒಂದು ವಿಡಿಯೊ ಓಡಾಡಿತು. ಅದರಲ್ಲಿ ಲಕ್ಕಿಯದೇ ಮುಖ, ಲಕ್ಕಿಯದೇ ದನಿ: "ನನ್ನ ಗಂಡ ಜಟ್ಟಿ ಬಣ್ಣದ ನೀರಲ್ಲಿ ಅದ್ದಿದ ಈರುಳ್ಳಿಯನ್ನೇ ನಾನು ಮಾರಿದ್ದು."

ಯಾರೋ ಎಐಯಲ್ಲಿ ಮಾಡಿದ್ದು. ಕಾರುಗಳು ನಿಧಾನ ಮಾಡಿ, ಅವಳ ಮುಖ ನೋಡಿ, ಮುಂದೆ ಹೋದವು. ತನಗೆ ಏನೆಂದರೂ ಲಕ್ಕಿ ಸಹಿಸಿಯಾಳು. ಸತ್ತವನು ಉತ್ತರ ಕೊಡಲು ಬರಲಾರನಲ್ಲ ಎಂದು ಬೆಳಿಗ್ಗೆ ತುಳಸಿಗೆ ನೀರೆರೆಯುವಾಗ ಕಣ್ಣೊರೆಸಿಕೊಳ್ಳುತ್ತಿದ್ದಳು.

ಪಕ್ಕದ ಮನೆಯ ದಿವ್ಯಶ್ರೀ ಹೊನ್ನಾವರದಲ್ಲಿ ಕಾಲೇಜು ಓದುವ ಹುಡುಗಿ. ಸುಳ್ಳು ಸುದ್ದಿಯ ಬಗ್ಗೆ ಕಿರುಚಿತ್ರ ಮಾಡುತ್ತಿದ್ದಳು. ಕ್ಯಾಮರಾ ಹಿಡಿದು ಬಂದಳು.

"ನನ್ನ ಗಂಡ ಜಟ್ಟಿ ಬಣ್ಣ ಹಾಕಲಿಲ್ಲ ಅಂತ ಹೇಳಿ ಅಜ್ಜಿ. ಅಷ್ಟೇ."

"ನನ್ನ ಗಂಡ..." ಎಂದು ಲಕ್ಕಿ ತಡೆದಳು. ಸೆರಗು ಬಾಯಿಗೆ ಹೋಯಿತು. "ಅವ್ರು ಬಣ್ಣ ಹಾಕ್ಲಿಲ್ಲ."

ಚಿತ್ರ ತೋರಿಸಿದ ದಿನ ಕಾಲೇಜಿನ ಸಭಾಂಗಣದಲ್ಲಿ ಲಕ್ಕಿ ಕೊನೆಯ ಬೆಂಚಿನಲ್ಲಿ ಕೂತಿದ್ದಳು. ಪರದೆಯ ಮೇಲೆ ಎರಡು ವಿಡಿಯೊಗಳೂ ಬಂದವು. "ಒಂದು ಮಷೀನು ಮಾಡಿದ್ದು. ಯಾವ್ದು?" ಎಂದು ದಿವ್ಯಶ್ರೀ ಕೇಳಿದಳು. ಲಕ್ಕಿ ತಡವರಿಸಿದ ವಿಡಿಯೊಗೇ ಹೆಚ್ಚು ಕೈಗಳೆದ್ದವು.

"ಗಂಡನ ಹೆಸರೇ ಗೊತ್ತಿಲ್ಲ ನೋಡು, ಮಷೀನಿಗೆ!" ಎಂದ ಸುಮಿತ ಎಂಬ ಹುಡುಗ. ಎಲ್ಲರೂ ನಕ್ಕರು.

ಅದೇ ನಿಜವಾದದ್ದು, ಅಜ್ಜಿ ಇಲ್ಲೇ ಇದ್ದಾರೆ ಎಂದು ದಿವ್ಯಶ್ರೀ ಹೇಳಿದ ಮೇಲೆ ಎಲ್ಲರೂ ಹಿಂದಕ್ಕೆ ತಿರುಗಿದರು. ಸುಮಿತನೇ ಎದ್ದು ಬಂದ.

"ತಪ್ಪಾತು ಅಜ್ಜಿ. ಹೆಸರು ಎಂತಕ್ಕೆ ಹೇಳ್ಲಿಲ್ಲ?"

"ಕಟ್ಕಂಡವ್ರ ಹೆಸರು ನಾವು ಬಾಯಲ್ಲಿ ತರೂದಿಲ್ಲ ಮಗಾ."

"ಹಂಗಾರೆ ಅವ್ರ ಹೆಸರು ಎಂತದು?"

"ಆ ಸುಳ್ಳಲ್ಲಿ ಬಂತಲ. ಅದೊಂದೇ ಖರೆ."

ಕುಮಟಾಕ್ಕೆ ಮರಳುವ ಬಸ್ಸಿನಲ್ಲಿ ಲಕ್ಕಿ ಪಕ್ಕದಲ್ಲಿ ಕೂತ ದಿವ್ಯಶ್ರೀಯ ಮೊಬೈಲಿನತ್ತ ಬೆರಳು ತೋರಿಸಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ನನ್ನ ದನಿಲಿ ಅವ್ರ ಹೆಸರು ಹ್ಯಾಂಗೆ ಕೇಳ್ತದೆ, ಒಂದ್ಸಲ ಹಾಕು ತಂಗೀ. ಹೆಸರಷ್ಟೇ. ಮುಂದಿಂದು ಬೇಡ."

ದಿವ್ಯಶ್ರೀ ಬೆರಳಿಟ್ಟು ನಿಲ್ಲಿಸಲು ಮೂರು ಸಲ ನೋಡಿದಳು. ಮೂರು ಸಲವೂ ಹೆಸರಿನ ಬೆನ್ನಿಗೇ ಬಣ್ಣ ಎಂಬ ಮಾತೂ ಬಂದುಬಿಟ್ಟಿತು.

"ಆತು, ಬಿಡು" ಎಂದು ಲಕ್ಕಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.