ಗುರುವಿನ ಕೊಡ, ಸುಲ್ತಾನನ ಪಾಲು

ಬೆಳಗಿನ ಬಾಂಗ್ ಮುಗಿದಿದೆ. ಗುಡ್ಡದ ಮೇಲಿನ ಗೋರಿಯ ಕಲ್ಲನ್ನು ಸೌದಾ ತೆಂಗಿನ ನಾರಿನಿಂದ ಉಜ್ಜುತ್ತಿದ್ದಾರೆ. ಕೈ ಇಲ್ಲಿದ್ದರೂ ಕಣ್ಣು ಕೆಳಗಿನ ಗೋರಿಯ ಮೇಲೆ. ಅಲ್ಲಿ ಓರಗಿತ್ತಿ ಕೆಲ್ಸೊಮ್, ಅರಮನೆ ಕಳಿಸಿದ ಹೊಸ ಹಳದಿ ಬಟ್ಟೆಯನ್ನು ಕಲ್ಲಿಗೆ ಸುತ್ತುತ್ತಿದ್ದಾರೆ.

"ನಾನು ನೋಡ್ಲಿ ಅಂತಲೇ ನಿಧಾನ ಸುತ್ತೋದು," ಎನ್ನುತ್ತಾರೆ ಸೌದಾ.

ಮಲಯ ಕರಾವಳಿಯ ಈ ಅಳಿವೆಯೂರಿನಲ್ಲಿ ಮೊದಲು ಕಲಿಮಾ ಹೇಳಿ ಮುಸ್ಲಿಮನಾದ ಸುಲ್ತಾನ ಕೆಳಗೆ ಮಲಗಿದ್ದಾನೆ. ಅದನ್ನು ಹೇಳಿಕೊಟ್ಟ, ಹಡಗಿನಲ್ಲಿ ಬಂದ ಗುರು ಮೇಲಿದ್ದಾರೆ. ಗುರುವಿನ ಕಾಲ ಬುಡದಲ್ಲೇ ಮಣ್ಣು ಮಾಡಿ ಎಂದು ಸುಲ್ತಾನನೇ ಹೇಳಿಹೋಗಿದ್ದನಂತೆ. ಗೋರಿ ಕಾಯುವ ಮನೆತನದಲ್ಲಿ ಸುಲ್ತಾನ ಅಣ್ಣನ ಪಾಲಿಗೆ ಬಂದ, ಗುರು ತಮ್ಮನ ಪಾಲಿಗೆ. ಗಂಡಂದಿರು ಹೋದ ಮೇಲೆ ಕೆಲಸವೂ ಹೊಟ್ಟೆಕಿಚ್ಚೂ ಹೆಂಡಂದಿರಿಗೆ ಉಳಿದಿವೆ. ಬಸ್ಸಿನಲ್ಲಿ ಬರುವವರೆಲ್ಲ ಹಳದಿ ಕಂಡಲ್ಲೇ ನಿಲ್ಲುತ್ತಾರೆ. ಗುರುವಿನ ಬಿಳಿ ಬಟ್ಟೆಯನ್ನು ಸೌದಾ ತಾವೇ ಒಗೆದು ಹೊದಿಸುತ್ತಾರೆ.

ನದಿಯ ತಿರುವು ತಿರುವಿಗೂ ಪ್ರಾರ್ಥನೆಯ ಮನೆ ಕಟ್ಟಿಸಿದ್ದು, ಶಿಷ್ಯರಿಗೆ ದೋಣಿ, ಅಕ್ಕಿ ಕೊಟ್ಟು ಮೇಲಿನೂರುಗಳಿಗೆ ಕಳಿಸಿದ್ದು ಸುಲ್ತಾನ ಎಂದು ಕೆಲ್ಸೊಮ್ ಬಂದವರಿಗೆಲ್ಲ ಹೇಳುತ್ತಾರೆ. "ದೊರೆ ದೋಣಿ ಕೊಡದಿದ್ರೆ ನಿನ್ನ ಗುರು ಈ ದಡದಲ್ಲೇ ಮೀನಿಗೆ ಪಾಠ ಹೇಳ್ತಿದ್ರು ಕಣೇ."

"ಬರೀ ದೋಣಿ ಹೋಗಿದ್ರೆ ಮೇಲಿನೂರೋರಿಗೆ ಉಪ್ಪುಮೀನು ಸಿಗ್ತಿತ್ತು, ಅಷ್ಟೇ ಅಕ್ಕ."

ಸೌದಾಗೆ ಇರುವ ಹೆಮ್ಮೆ ಒಂದೇ, ತಮ್ಮ ಕೈಯಲ್ಲಿರುವ ನೀರಿನ ಕೊಡ. ಉಪವಾಸದ ತಿಂಗಳಿಗೆ ಮುನ್ನ, ಅರಮನೆಯವರ ಎದುರು, ನಿಂಬೆ, ಹೂವು ಹಾಕಿದ ನೀರಿನಿಂದ ಗೋರಿಗಳನ್ನು ತೊಳೆಯುತ್ತಾರೆ. ಮೊದಲು ಗುರುವಿಗೆ, ಅದೇ ಕೊಡದಲ್ಲಿ ಉಳಿದದ್ದು ಸುಲ್ತಾನನಿಗೆ. ಮತ್ತೆ ತುಂಬುವಂತಿಲ್ಲ. ಹೋದ ವರ್ಷ ಸೌದಾ ಹೊಟ್ಟೆಯುರಿ ತಾಳದೆ ಇಡೀ ಕೊಡವನ್ನು ಗುರುವಿಗೇ ಸುರಿದುಬಿಟ್ಟರು.

ಅರಮನೆಯವರು ಬೆಪ್ಪಾಗಿ ನಿಂತರು. ಕೆಲ್ಸೊಮ್ ಹಳದಿ ಬಟ್ಟೆ ಬಿಚ್ಚಿ ಕಾದರು. ನೀರು ಇಳಿಜಾರಿನಲ್ಲಿ ತಾನೇ ಹರಿದು ಬಂತು. ಅದನ್ನು ಬೊಗಸೆಯಲ್ಲಿ ಹಿಡಿದು ಸುಲ್ತಾನನ ಕಲ್ಲು ತೊಳೆದರು.

"ಸಾಕು. ದೊರೆಗೆ ಕಲಿಮಾನೂ ಹೀಗೇ ಸಿಕ್ಕಿದ್ದು," ಎಂದರು.

ಇನ್ನು ಮೇಲೆ ಕೊಡ ನಿಮ್ಮ ಕೈಯಲ್ಲೇ ಇರಲಿ ಎಂದು ಅರಮನೆಯ ಹಿರಿಯರು ಕೆಲ್ಸೊಮ್‌ಗೆ ಹೇಳಿದರೂ ಅವರು ಒಪ್ಪಲಿಲ್ಲ. ಅದು ಗುರುವಿನ ಮನೆಯದ್ದು ಎಂದುಬಿಟ್ಟರು.

ಈ ಶುಕ್ರವಾರ ಮತ್ತೆ ತೊಳೆಯುವ ದಿನ. ಸೌದಾ ಕೊಡ ಬೆಳಗಿ ಬಿಸಿಲಿಗೆ ಇಟ್ಟಿದ್ದಾರೆ.

"ಈ ಸಲ ಅರ್ಧ ಉಳಿಸ್ತೀನಿ. ಕೊಡ ಬಿಟ್ಟುಕೊಟ್ಟವಳಿಗೆ ಅಷ್ಟಾದ್ರೂ ಮಾಡ್ಬೇಕು," ಎನ್ನುತ್ತಾರೆ. ಆಮೇಲೆ ಕೆಳಗೆ ನೋಡಿ, ದನಿ ತಗ್ಗಿಸಿ: "ಆದ್ರೆ 'ಹೀಗೇ ಸಿಕ್ಕಿದ್ದು' ಅನ್ನೋ ಆ ಮಾತು ನನಗೆ ಹೊಳೀಬೇಕಿತ್ತು. ಗುರು ನನ್ನೋರು. ಮಾತು ಅವಳ ಬಾಯಲ್ಲಿ ಬಂತು ನೋಡಿ."